ಹಾವೂ ಸಾಯದೆ, ಕೋಲೂ ಮುರಿಯದೆ

ಮನೆಯೊಳಗೆ ಹಾವು ಕಂಡರೆ ಹಳೆಯ ತಲೆಮಾರಿನ ಹಿರಿಯರು ಕೋಲು ಹುಡುಕುವುದಕ್ಕೆ ಮೊದಲು ಆಸ್ತೀಕನನ್ನು ನೆನೆಯುತ್ತಿದ್ದರು. ತಂದೆ ಪರೀಕ್ಷಿತನನ್ನು ತಕ್ಷಕ ಕಚ್ಚಿ ಕೊಂದ ಸೇಡಿಗೆ ಜನಮೇಜಯ ಸರ್ಪಯಾಗ ಹೂಡಿದ್ದು, ಹಾವುಗಳು ಒಂದೊಂದಾಗಿ ಬಂದು ಅಗ್ನಿಕುಂಡಕ್ಕೆ ಬೀಳುತ್ತಿದ್ದಾಗ ಬಾಲಕ ಆಸ್ತೀಕ ಯಾಗವನ್ನು ನಿಲ್ಲಿಸಿದ್ದು ಮಹಾಭಾರತದ ಆದಿಪರ್ವದ ಕಥೆ. ಆ ಉಪಕಾರದ ನೆನಪಿನಿಂದ, ಆಸ್ತೀಕನ ಹೆಸರು ಹೇಳಿದವರನ್ನು ಹಾವು ಮುಟ್ಟುವುದಿಲ್ಲ ಎಂಬುದು ನಂಬಿಕೆ. ಇದಕ್ಕೆಂದೇ ಒಂದು ಸಂಸ್ಕೃತ ಶ್ಲೋಕವೂ ಉಂಟು. ಅದು ಹಾವನ್ನು ಬೈಯುವುದಿಲ್ಲ, ಶಪಿಸುವುದಿಲ್ಲ. ಮೊದಲು ಅದಕ್ಕೆ ಒಳ್ಳೆಯದನ್ನು ಕೋರಿ, ಆಮೇಲೆ ದಯವಿಟ್ಟು ದೂರ ಹೋಗು ಎಂದು ಕೇಳಿಕೊಳ್ಳುತ್ತದೆ. ಕರೆಯದೆ ಬಂದ ಅತಿಥಿಯನ್ನು ಇಷ್ಟು ಮರ್ಯಾದೆಯಿಂದ ಬೀಳ್ಕೊಡುವ ಮಾತು ಇಲಿಗಾಗಲೀ ತಿಗಣೆಗಾಗಲೀ ದೊರೆತಂತಿಲ್ಲ.

ಮರ್ಯಾದೆ ಎಲ್ಲ ಹಾವುಗಳಿಗೂ ಸಿಕ್ಕಿತೆಂದಲ್ಲ. ಕಲ್ಲಿನ ನಾಗನಿಗೆ ಹಾಲೆರೆದು ನಿಜವಾದ ನಾಗರವನ್ನು ಕಂಡರೆ ಕೊಲ್ಲೆನ್ನುವವರನ್ನು ಬಸವಣ್ಣನವರು 12ನೆಯ ಶತಮಾನದಲ್ಲಿಯೇ ಕುಟುಕಿದ್ದಾರೆ. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಸತ್ತ ನಾಗರಹಾವಿಗೆ ಮನುಷ್ಯರಿಗೆ ಮಾಡುವಂತೆಯೇ ಸಂಸ್ಕಾರ ಮಾಡುವುದುಂಟು. ಆದರೆ ಅದೇ ಅಂಗಳದಲ್ಲಿ ಬಡಪಾಯಿ ಕೇರೆಯನ್ನು ಬಡಿದು ಗದ್ದೆಯ ಬದುವಿಗೆ ಎಸೆಯುವುದೂ ಉಂಟು. ವಿಷವಿಲ್ಲದ, ವರ್ಷವಿಡೀ ಇಲಿ ಹಿಡಿದು ಕಣಜ ಕಾಯುವ ಕೇರೆಯ ಮೇಲೆ ಹಸುವಿನ ಮೊಲೆ ಚೀಪುತ್ತದೆಂಬ ಅಪವಾದ ಬೇರೆ. ಹಾವಿನ ಬಾಯಿಯ ರಚನೆಗೆ ಹಾಲು ಚೀಪುವುದು ಸಾಧ್ಯವೇ ಇಲ್ಲ.

ಈಗ ಕಾಲ ಬದಲಾಗಿದೆ. ಪಟ್ಟಣಗಳಲ್ಲಿ, ರಸ್ತೆಯಿರುವ ಬಹುಪಾಲು ಹಳ್ಳಿಗಳಲ್ಲಿ, ಹಾವು ಕಂಡರೆ ಜನ ದೊಣ್ಣೆಯ ಬದಲು ದೂರವಾಣಿ ಎತ್ತಿಕೊಳ್ಳುತ್ತಾರೆ. ಮೈಸೂರಿನಲ್ಲಿ ಸ್ನೇಕ್ ಶ್ಯಾಮ್ ಅವರ ಹೆಸರು ಮಕ್ಕಳಿಗೂ ಗೊತ್ತು. ಅಂಥವರಿಂದ ಕಲಿತವರು, ತಾವಾಗಿ ಕಲಿತವರು, ಕಲಿಯದೆಯೇ ಇಳಿದವರು, ಹೀಗೆ ನಾನಾ ಬಗೆಯ ಹಾವು ಹಿಡಿಯುವವರು ಈಗ ಊರೂರಿನಲ್ಲಿದ್ದಾರೆ. ಹಾವು ಚೀಲ ಸೇರುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ, ಮಾರನೆಯ ದಿನದ ಪತ್ರಿಕೆಯ ಒಳಪುಟದಲ್ಲಿ ‘ಹಾವನ್ನು ಸುರಕ್ಷಿತವಾಗಿ ಕಾಡಿಗೆ ಬಿಡಲಾಯಿತು’ ಎಂಬ ಸಾಲು ಬರುತ್ತದೆ. ಹಾವನ್ನು ಕೊಲ್ಲುತ್ತಿದ್ದ ಕೈಗಳು ಕೊಲ್ಲದಿರುವುದನ್ನು ಕಲಿತದ್ದು ದೊಡ್ಡ ಬದಲಾವಣೆಯೇ ಸರಿ. ಆದರೆ ಆ ಕೊನೆಯ ಸಾಲಿನಲ್ಲಿ ಒಂದು ತೊಡಕಿದೆ. ಯಾವ ಕಾಡು? ಅದು ಯಾರ ಕಾಡು?

ಹಾವೆಂದರೆ ಕಾಡಿನ ಪ್ರಾಣಿ, ದಾರಿ ತಪ್ಪಿ ಊರಿಗೆ ಬಂದಿದೆ ಎಂಬ ಎಣಿಕೆಯೇ ಬಹುಪಾಲು ಹಾವುಗಳ ಮಟ್ಟಿಗೆ ತಪ್ಪು. ನಾಗರ, ಕೇರೆ, ಕೊಳಕುಮಂಡಲ ದಟ್ಟ ಕಾಡಿಗಿಂತ ಹೊಲ, ಗದ್ದೆ, ತೋಟ, ಕೆರೆಯಂಚು, ಹಾಳು ಗೋಡೆಗಳಲ್ಲೇ ಹೆಚ್ಚಾಗಿ ಬದುಕುವ ಹಾವುಗಳು. ಮನುಷ್ಯ ಧಾನ್ಯ ಬೆಳೆದ, ಧಾನ್ಯದ ಹಿಂದೆ ಇಲಿ ಬಂತು, ಇಲಿಯ ಹಿಂದೆ ಹಾವು ಬಂತು. ಬೆಂಗಳೂರಿನ ಹೊರವಲಯದ ಹೊಸ ಬಡಾವಣೆಯೊಂದರ ಕಾರು ನಿಲ್ಲಿಸುವ ಜಾಗದಲ್ಲಿ ಹೆಡೆಯೆತ್ತಿದ ನಾಗರ ಅಲ್ಲಿಗೆ ಹೊಸದಾಗಿ ಬಂದದ್ದಲ್ಲ. ಅದರ ಹಿಂದಿನ ತಲೆಮಾರುಗಳು ಅಲ್ಲಿ ರಾಗಿ ಹೊಲವಿದ್ದಾಗಿನಿಂದಲೂ ಇದ್ದವು. ಹೊಸದಾಗಿ ಬಂದದ್ದು ಕಾರು.

ಪ್ರತಿ ಹಾವಿಗೂ ತನ್ನದೇ ಆದ ಒಂದು ಸರಹದ್ದಿನ ಪರಿಚಯವಿರುತ್ತದೆ. ಯಾವ ಬಿಲದಲ್ಲಿ ಹಗಲಿನ ಬಿಸಿಲಿಗೆ ತಂಪು ಸಿಗುತ್ತದೆ, ಯಾವ ಕಲ್ಲಿನ ಸಂದಿನಲ್ಲಿ ಪೊರೆ ಬಿಡಬಹುದು, ಇಲಿಗಳು ಯಾವ ದಾರಿಯಲ್ಲಿ ಓಡಾಡುತ್ತವೆ, ಮಳೆ ಜೋರಾದರೆ ಯಾವ ದಿಬ್ಬಕ್ಕೆ ಏರಬೇಕು, ಇವೆಲ್ಲ ಅದಕ್ಕೆ ಬಳಕೆಯಿಂದ ತಿಳಿದಿರುತ್ತದೆ. ನಾಲಿಗೆ ಚಾಚಿ ಗಾಳಿಯಲ್ಲಿನ ವಾಸನೆಯ ಕಣಗಳನ್ನು ಅಂಗಳದಲ್ಲಿರುವ ಸೂಕ್ಷ್ಮ ಅಂಗಕ್ಕೆ ಮುಟ್ಟಿಸಿ ಅದು ತನ್ನ ನೆರೆಹೊರೆಯನ್ನು ಓದುತ್ತದೆ. ಇಪ್ಪತ್ತು ಮೂವತ್ತು ಕಿಲೋಮೀಟರು ದೂರ ಒಯ್ದು ಬಿಟ್ಟರೆ ಈ ಓದೆಲ್ಲ ವ್ಯರ್ಥ. ಬಚ್ಚಿಟ್ಟುಕೊಳ್ಳುವ ತಾವು ಗೊತ್ತಿಲ್ಲದೆ ಬಯಲಲ್ಲಿ ಅಲೆಯಬೇಕು, ರಸ್ತೆ ದಾಟಬೇಕು, ಹದ್ದು ಮುಂಗುಸಿಗಳ ಕಣ್ಣಿಗೆ ಬೀಳಬೇಕು.

ಇದು ಬರಿಯ ಊಹೆಯಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬುಡುಬುಡಿಕೆ ಹಾವುಗಳ ಮೈಯಲ್ಲಿ ರೇಡಿಯೋ ಸಾಧನವಿಟ್ಟು ಹಿಂಬಾಲಿಸಿದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಬೇರೆ ಕಡೆಯಿಂದ ತಂದು ಬಿಟ್ಟ 11 ಹಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತವು. ಅದೇ ಕಾಡಿನಲ್ಲಿ ಹುಟ್ಟಿ ಬೆಳೆದವುಗಳಲ್ಲಿ ಸತ್ತದ್ದು ಒಂಬತ್ತಕ್ಕೆ ಒಂದರಂತೆ ಮಾತ್ರ. ತಂದು ಬಿಟ್ಟವು ಗೊತ್ತುಗುರಿಯಿಲ್ಲದೆ ಬಹುದೂರ ಅಲೆದಿದ್ದವು. ಕಾಡು ಒಳ್ಳೆಯದೇ ಆಗಿತ್ತು, ಆಹಾರವೂ ಇತ್ತು, ಆದರೆ ಅದು ಅವುಗಳ ಊರಾಗಿರಲಿಲ್ಲ.

ಕರ್ನಾಟಕದಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ಜಾಗ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ. ಹಾವುಗಳ ಅಧ್ಯಯನಕ್ಕೆ ಬಾಳನ್ನೇ ಮುಡಿಪಾಗಿಟ್ಟ ರಾಮುಲಸ್ ವಿಟೇಕರ್ ಅಲ್ಲಿ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ಕಾಳಿಂಗ ಸರ್ಪ ಅಲ್ಲಿನ ಮುಖ್ಯ ವಿಷಯ. ಹತ್ತು ಹನ್ನೆರಡು ಅಡಿ ಉದ್ದದ, ಹೆಡೆಯೆತ್ತಿದರೆ ಮನುಷ್ಯನ ಸೊಂಟ ದಾಟುವ ಈ ಹಾವು ಅಲ್ಲಿನ ಅಡಿಕೆ ತೋಟಗಳಿಗೆ, ಸೌದೆ ಕೊಟ್ಟಿಗೆಗಳಿಗೆ, ಒಮ್ಮೊಮ್ಮೆ ಅಡುಗೆಮನೆಗೂ ಬರುತ್ತದೆ. ಬರುವುದು ಮನುಷ್ಯನನ್ನು ಹುಡುಕಿಕೊಂಡಲ್ಲ, ಹಾವನ್ನು ಹುಡುಕಿಕೊಂಡು. ಕೇರೆ, ನಾಗರ, ಮಂಡಲದ ಹಾವುಗಳೇ ಅದರ ಊಟ. ಇಲಿಯ ಹಿಂದೆ ಕೇರೆ ಮನೆಗೆ ಬಂದರೆ ಕೇರೆಯ ಹಿಂದೆ ಕಾಳಿಂಗ ಬರುತ್ತದೆ. ಬೇಸಿಗೆಯ ಮೊದಲ ತಿಂಗಳುಗಳಲ್ಲಿ ಹೆಣ್ಣಿನ ವಾಸನೆ ಹಿಡಿದು ಒಂದರ ಹಿಂದೊಂದು ಗಂಡುಗಳು ಬರುವುದೂ ಇದೆ. ಒಂದನ್ನು ಕೊಂದರೆ ಜೋಡಿ ಸೇಡಿಗೆ ಬರುತ್ತದೆ ಎಂಬ ನಂಬಿಕೆಯ ಬುಡ ಇಲ್ಲಿರಬಹುದು. ಬಂದದ್ದು ಸೇಡಿಗಲ್ಲ ಅಷ್ಟೆ.

ಆಗುಂಬೆಯಲ್ಲಿ 2008ರಿಂದ ಕಾಳಿಂಗಗಳ ಮೈಯೊಳಗೆ ರೇಡಿಯೋ ಸಾಧನ ಇಟ್ಟು ಅವುಗಳ ಓಡಾಟವನ್ನು ದಿನದಿನವೂ ಗುರುತಿಸುವ ಕೆಲಸ ಆರಂಭವಾಯಿತು. ದೂರ ಒಯ್ದು ಬಿಟ್ಟ ಕಾಳಿಂಗ, ತನ್ನದೇ ಜಾಗದಲ್ಲಿ ಇದ್ದ ಕಾಳಿಂಗಕ್ಕಿಂತ ಬಹಳ ಹೆಚ್ಚು ಅಲೆಯುತ್ತದೆ ಎಂಬುದನ್ನು ಅಲ್ಲಿನ ಸಂಶೋಧಕರು 2013ರಲ್ಲಿ ಪ್ರಾಥಮಿಕ ಅಧ್ಯಯನವೊಂದರಲ್ಲಿ ದಾಖಲಿಸಿದರು. ಅಲೆಯುವ ಕಾಳಿಂಗವೆಂದರೆ ಇನ್ನಷ್ಟು ತೋಟಗಳನ್ನು, ಇನ್ನಷ್ಟು ಅಂಗಳಗಳನ್ನು ಹಾಯುವ ಕಾಳಿಂಗ. ಒಂದು ಮನೆಯ ಹೆದರಿಕೆಯನ್ನು ಹತ್ತು ಮನೆಗೆ ಹಂಚಿದಂತೆ.

ಆದ್ದರಿಂದ ಅಲ್ಲಿ ಕೆಲಸದ ಕ್ರಮವೇ ಬದಲಾಯಿತು. ಹಾವು ಕಂಡಿತೆಂಬ ಕರೆ ಬಂದಾಗ ಮೊದಲ ಪ್ರಶ್ನೆ, ಎಲ್ಲಿದೆ? ತೋಟದಲ್ಲೋ ಅಂಗಳದಂಚಿನಲ್ಲೋ ಇದ್ದರೆ ಹಿಡಿಯುವುದಿಲ್ಲ. ಮನೆಯವರ ಜೊತೆ ನಿಂತು, ಅದು ತಾನಾಗಿ ಹೋಗುವವರೆಗೆ ಕಾಯುತ್ತಾರೆ. ಮನೆಯೊಳಗೆ ಸೇರಿಕೊಂಡು ಹೊರಬರದಿದ್ದರೆ ಮಾತ್ರ ಹಿಡಿದು, ಹತ್ತಿರದಲ್ಲೇ ಇರುವ ಕಾಡಿನ ಮರೆಯಲ್ಲಿ ಬಿಡುತ್ತಾರೆ. ಬಿಟ್ಟ ಮೇಲೆ ಊರವರನ್ನು ಸೇರಿಸಿ ಹಾವು ಯಾಕೆ ಬಂತೆಂದು ವಿವರಿಸುವುದೂ ಕೆಲಸದ ಭಾಗ. ಅರ್ಧ ಯಶಸ್ಸು ಇರುವುದು ಈ ಮಾತಿನಲ್ಲೇ. ಕಾಳಿಂಗದ ಹೆಣ್ಣು ಒಣ ಎಲೆಗಳನ್ನು ಮೈಯಿಂದ ರಾಶಿ ಮಾಡಿ ಗೂಡು ಕಟ್ಟಿ ಮೊಟ್ಟೆಯಿಡುತ್ತದೆ. ಹೀಗೆ ಗೂಡು ಕಟ್ಟುವ ಹಾವು ಬೇರೊಂದಿಲ್ಲ. ಅಂಥ ಗೂಡು ಮನೆಯ ಹಿಂದಿನ ಬೆಟ್ಟದಲ್ಲಿ ಕಂಡರೂ ಮೊಟ್ಟೆಗಳನ್ನು ಎತ್ತಿಕೊಂಡು ಹೋಗದೆ, ಮರಿಯಾಗುವವರೆಗೆ ಇದ್ದಲ್ಲೇ ಕಾಯುವುದಕ್ಕೆ ಮಲೆನಾಡಿನ ಅನೇಕ ಕುಟುಂಬಗಳು ಒಪ್ಪಿವೆ. ಈ ಒಪ್ಪಿಗೆ ಸಣ್ಣದಲ್ಲ. ನಮ್ಮ ದೇಶದಲ್ಲಿ ತಯಾರಾಗುವ ಸಾಮಾನ್ಯ ಪ್ರತಿವಿಷ ಕಾಳಿಂಗದ ಕಡಿತಕ್ಕೆಂದು ಮಾಡಿದ್ದಲ್ಲ ಎಂಬುದು ಅವರಿಗೂ ಗೊತ್ತು. 2024ರಲ್ಲಿ ಪಿ. ಗೌರಿಶಂಕರ್ ಮತ್ತು ಸಂಗಡಿಗರು ಪಶ್ಚಿಮಘಟ್ಟದ ಕಾಳಿಂಗ ಬೇರೆಯೇ ಪ್ರಭೇದವೆಂದು ತೋರಿಸಿ ಅದಕ್ಕೆ ಒಫಿಯೋಫೇಗಸ್ ಕಾಳಿಂಗ ಎಂದು ಹೆಸರಿಟ್ಟರು. ಮಲೆನಾಡಿನ ಅಜ್ಜಿಯರ ಬಾಯಿಯ ಕನ್ನಡ ಹೆಸರು ಜಗತ್ತಿನ ಪ್ರಾಣಿಶಾಸ್ತ್ರದ ಪಟ್ಟಿ ಸೇರಿತು.

ಬಯಲುಸೀಮೆಯ ಪಟ್ಟಣಗಳಲ್ಲಿ ಇಷ್ಟು ತಾಳ್ಮೆ ಇನ್ನೂ ಬಂದಿಲ್ಲ. ಹಿಡಿದ ಹಾವುಗಳನ್ನು ವಾರಗಟ್ಟಲೆ ಡಬ್ಬಿಗಳಲ್ಲಿ ಕೂಡಿಟ್ಟು, ಒಮ್ಮೆಗೇ ಒಯ್ದು ಒಂದೇ ಗುಡ್ಡದ ಬುಡದಲ್ಲಿ ಸುರಿದು ಬರುವುದು ಕೆಲವರ ಪದ್ಧತಿ. ಡಬ್ಬಿಯಲ್ಲಿ ಒಂದರ ರೋಗ ಇನ್ನೊಂದಕ್ಕೆ ಹರಡುತ್ತದೆ. ಅದಕ್ಕಿಂತ ದೊಡ್ಡ ಅನ್ಯಾಯ ಬೇರೆ ಇದೆ. ಕಾಡಂಚು ಎಂದು ಪಟ್ಟಣದವರು ಕರೆಯುವ ಜಾಗ ಖಾಲಿ ಜಾಗವಲ್ಲ. ಅಲ್ಲಿ ಹಳ್ಳಿಯಿದೆ, ಹಾಡಿಯಿದೆ, ಬೆಳಗಿನ ಜಾವ ಬರಿಗಾಲಲ್ಲಿ ಸೊಪ್ಪಿಗೆ ಹೋಗುವ ಹೆಂಗಸರಿದ್ದಾರೆ. ನಗರದ ಮನೆಯ ಕಾಂಪೌಂಡಿನ ಕೊಳಕುಮಂಡಲ ಅವರ ದಾರಿಯ ಮೇಲೆ ಬಂದು ಬೀಳುತ್ತದೆ. ಇದನ್ನು ದಯೆ ಎಂದು ಕರೆಯುವುದು ಕಷ್ಟ.

ಹಾವಿನ ಪರವಾಗಿ ಮಾತಾಡುವಾಗ ಮನುಷ್ಯನ ಲೆಕ್ಕವನ್ನು ಮುಚ್ಚಿಡಲಾಗದು. 2020ರಲ್ಲಿ ಪ್ರಕಟವಾದ ವಿಸ್ತಾರವಾದ ಅಧ್ಯಯನವೊಂದರ ಅಂದಾಜಿನಂತೆ 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ. ಅರ್ಧದಷ್ಟು ಸಾವುಗಳು ಮಳೆಗಾಲದಲ್ಲಿ. ಬಹುಪಾಲು ಜನ ಹಳ್ಳಿಯವರು, ಸತ್ತದ್ದು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಮಲೆನಾಡಿನಲ್ಲಿ ಕತ್ತಲಾದ ಮೇಲೆ ಹಾವೆನ್ನದೆ ‘ಹುಳ’ ಎನ್ನುತ್ತಾರೆ, ಕಚ್ಚಿತು ಎನ್ನದೆ ‘ಹುಳ ಮುಟ್ಟಿತು’ ಎನ್ನುತ್ತಾರೆ. ಆ ಮೆಲುಮಾತಿನ ಹಿಂದಿರುವ ಭಯ ಸುಮ್ಮನೆ ಹುಟ್ಟಿದ್ದಲ್ಲ.

ಹಾಗಾಗಿ ಮನೆಯೊಳಗೆ ಬಂದ ಹಾವು ಹೊರಗೆ ಹೋಗಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಕೆಲಸ ಕೆಡುವುದು ಸಾಮಾನ್ಯವಾಗಿ ಮೊದಲ ಐದು ನಿಮಿಷದಲ್ಲಿ. ಯಾರೋ ಸೀಮೆಎಣ್ಣೆ ಎರಚುತ್ತಾರೆ, ಯಾರೋ ಫಿನಾಯಿಲ್ ತರುತ್ತಾರೆ, ಇನ್ಯಾರೋ ಉದ್ದನೆಯ ಕೋಲಿನಿಂದ ತಿವಿಯುತ್ತಾರೆ. ಗಾಬರಿಗೊಂಡ ಹಾವು ಬೀರುವಿನ ಹಿಂದೋ ಅಕ್ಕಿ ಮೂಟೆಯ ಸಂದಿಗೋ ಸೇರಿಬಿಟ್ಟರೆ ಹುಡುಕುವ ಹೊತ್ತಿಗೆ ಇಡೀ ಮನೆ ಬಯಲಾಗುತ್ತದೆ. ಮಕ್ಕಳನ್ನೂ ನಾಯಿಯನ್ನೂ ಆಚೆ ಕಳುಹಿಸಿ, ಹಾವಿನ ಮೇಲೆ ಕಣ್ಣಿಟ್ಟು ದೂರದಲ್ಲಿ ನಿಲ್ಲುವುದೇ ಮನೆಯವರು ಮಾಡಬಹುದಾದ ಉತ್ತಮ ಕೆಲಸ. ಹೊರಬಾಗಿಲು ಹತ್ತಿರವಿದ್ದು ತೆರೆದಿದ್ದರೆ, ಸದ್ದಿಲ್ಲದಿದ್ದರೆ, ಎಷ್ಟೋ ಹಾವುಗಳು ಯಾರ ನೆರವೂ ಇಲ್ಲದೆ ಹೊರಟುಹೋಗುತ್ತವೆ. ವಿಷದ್ದೋ ಅಲ್ಲವೋ ಎಂದು ಮನೆಯವರೇ ತೀರ್ಮಾನಿಸಲು ಹೋಗುವುದು ಬೇಡ. ಪಟ್ಟೆಪಟ್ಟೆಯ ತೋಳದ ಹಾವು ನಿರಪಾಯಕಾರಿ, ಅದನ್ನು ಹೋಲುವ ಕಟ್ಟುಹಾವು ಮಾರಕ. ರಾತ್ರಿಯ ದೀಪದಲ್ಲಿ ಪಳಗಿದ ಕಣ್ಣೂ ಎಡವುವುದುಂಟು.

ಒಳ್ಳೆಯ ಹಿಡಿಯುವವರ ಕೆಲಸ ನೋಡುವುದಕ್ಕೆ ಸಪ್ಪೆ. ಹಾವಿಗೆ ಕತ್ತಲೆಯ ಸಂದು ಕಂಡರೆ ನುಗ್ಗುವ ಸ್ವಭಾವ. ಚೀಲದ ಬಾಯಿಗೆ ಒಂದು ಪಿ.ವಿ.ಸಿ. ಕೊಳವೆ ಕಟ್ಟಿ ಅದರ ಮುಂದಿಟ್ಟು, ಹಿಂದಿನಿಂದ ಕೊಕ್ಕೆಯಲ್ಲಿ ಮೆಲ್ಲನೆ ದಾರಿ ತೋರಿಸಿದರೆ ಬಿಲವೆಂದು ತಾನಾಗಿ ಒಳಹೋಗುತ್ತದೆ. ಕುತ್ತಿಗೆ ಒತ್ತಿಹಿಡಿಯುವ ಇಕ್ಕಳ ಪಕ್ಕೆಲುಬುಗಳನ್ನು ಮುರಿಯಬಹುದು. ಅಂಥ ಹಾವು ಹೊರಗೆ ಸರಿದುಹೋದಂತೆ ಕಂಡರೂ ಆಮೇಲೆ ಸಾಯುತ್ತದೆ. ಬಾಲ ಹಿಡಿದು ನೇತಾಡಿಸುವುದು, ನೆರೆದವರ ಮುಂದೆ ಹೆಡೆಗೆ ಮುತ್ತಿಡುವುದು, ಛಾಯಾಚಿತ್ರಕ್ಕೆಂದು ಕೊರಳಿಗೆ ಹಾಕಿಕೊಳ್ಳುವುದು, ಇವೆಲ್ಲ ಹಳೆಯ ಹಾವಾಡಿಗರ ಆಟದ ಮುಂದುವರಿಕೆ. ವ್ಯತ್ಯಾಸವೆಂದರೆ ಹಾವಾಡಿಗ ಹಲ್ಲು ಕಿತ್ತ ಹಾವಿನೊಂದಿಗೆ ಆಡುತ್ತಿದ್ದ. ಇವರು ಹಲ್ಲಿರುವ ಹಾವಿನೊಂದಿಗೆ ಆಡಿ ಒಮ್ಮೊಮ್ಮೆ ಜೀವ ಕಳೆದುಕೊಳ್ಳುತ್ತಾರೆ. ನಾಗರ, ಕೇರೆ, ಕೊಳಕುಮಂಡಲಗಳಿಗೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅವನ್ನು ಕೊಲ್ಲುವುದಷ್ಟೇ ಅಲ್ಲ, ಅನುಮತಿಯಿಲ್ಲದೆ ಹಿಡಿದಿಟ್ಟುಕೊಳ್ಳುವುದೂ ಅಪರಾಧ. ಆದ್ದರಿಂದ ಹಿಡಿಯುವವರನ್ನು ಕರೆಯುವಾಗ ಅರಣ್ಯ ಇಲಾಖೆಯ ಕಚೇರಿಯ ಮೂಲಕ ವಿಚಾರಿಸುವುದು ಮೇಲು. ಎಲ್ಲಿ ಬಿಡುತ್ತೀರಿ ಎಂದು ಕೇಳುವ ಹಕ್ಕೂ ಮನೆಯವರಿಗಿದೆ. ಆದಷ್ಟು ಹತ್ತಿರದಲ್ಲಿ, ಅದೇ ದಿನ, ಜನ ಓಡಾಡದ ಪೊದೆಯಂಚಿನಲ್ಲಿ ಎಂಬುದು ಸರಿಯಾದ ಉತ್ತರ. ಹತ್ತಿರವೆಂದರೆ ಮತ್ತೆ ಬರುವುದಿಲ್ಲವೇ ಎಂಬ ಅಂಜಿಕೆ ಸಹಜ. ದೂರ ಬಿಟ್ಟರೂ, ಕೊಂದರೂ, ಕರೆದುತಂದ ಕಾರಣ ಮನೆಯಲ್ಲೇ ಉಳಿದರೆ ತೆರವಾದ ಜಾಗಕ್ಕೆ ಮತ್ತೊಂದು ಹಾವು ಬರುತ್ತದೆ.

ಕಾರಣಗಳು ಹೆಚ್ಚೇನಿಲ್ಲ. ಗೋಡೆಗೆ ಒರಗಿಸಿ ಪೇರಿಸಿದ ಸೌದೆ, ಮಳೆಗಾಲಕ್ಕೆಂದು ಕೂಡಿಟ್ಟ ತೆಂಗಿನ ಸಿಪ್ಪೆ, ಉಳಿದ ಇಟ್ಟಿಗೆ ಹಂಚಿನ ರಾಶಿ, ಕಾಳು ಚೆಲ್ಲಿದ ಕೋಳಿಗೂಡು, ಬಚ್ಚಲ ನೀರಿನ ಬಾಯಿಗೆ ಜಾಲರಿಯಿಲ್ಲದ ಕೊಳವೆ. ಇವೆಲ್ಲ ಇಲಿಗೂ ಕಪ್ಪೆಗೂ ಬೇಕಾದವು. ಸೌದೆಯನ್ನು ಗೋಡೆಯಿಂದ ಸರಿಸಿ ನೆಲದಿಂದ ಒಂದಡಿ ಎತ್ತರದ ಅಟ್ಟಣಿಗೆಯ ಮೇಲೆ ಒಟ್ಟಿದರೆ, ಬಾಗಿಲ ಕೆಳಗಿನ ಬೆರಳಗಲದ ಸಂದನ್ನು ಮುಚ್ಚಿದರೆ ಅರ್ಧ ಕೆಲಸ ಮುಗಿದಂತೆ. ಕಟ್ಟುಹಾವು ರಾತ್ರಿ ಹೊತ್ತು ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಆ ಕಡಿತ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಮಂಚವೂ ಹಾಸಿಗೆಯಡಿಗೆ ಸಿಕ್ಕಿಸಿದ ಸೊಳ್ಳೆಪರದೆಯೂ ಅದರಿಂದ ಕಾಯುವಷ್ಟು ಯಾವ ಔಷಧಿಯೂ ಕಾಯದು. ಬೆಳ್ಳುಳ್ಳಿ ನೀರು, ಇಂಗು, ಗಂಧಕದ ಪುಡಿಗಳಿಗೆ ಹಾವು ಹೆದರಿದ್ದಕ್ಕೆ ಆಧಾರವಿಲ್ಲ. ಕಾರ್ಬಾಲಿಕ್ ಆಮ್ಲ ಹಾವಿನ ಮೈಯನ್ನೂ ಸುಡುತ್ತದೆ, ಆಡುವ ಮಗುವಿನ ಕೈಯನ್ನೂ ಸುಡುತ್ತದೆ. ಇಲಿಗೆ ಹಾಕುವ ಪಾಷಾಣ ಇಲಿ ತಿಂದ ಕೇರೆಗೂ ಗೂಬೆಗೂ ತಗಲುತ್ತದೆ. ತರಕಾರಿ ಮಡಿಗೆ ನವಿಲು ಬಾರದಿರಲೆಂದು ಬಿಗಿದ ನೈಲಾನ್ ಬಲೆಯಲ್ಲಿ ಸಿಕ್ಕಿ, ಬಿಡಿಸಿಕೊಳ್ಳಲು ಎಳೆದಷ್ಟೂ ಮೈ ಸೀಳಿಕೊಂಡು ಸಾಯುವ ಹಾವುಗಳು ಈಗ ಹೆಚ್ಚು. ಬಲೆಯ ಕೆಳಂಚನ್ನು ನೆಲದಿಂದ ಒಂದೂವರೆ ಅಡಿ ಮೇಲೆತ್ತಿ ಕಟ್ಟಿದರೆ ಅದು ತಪ್ಪುತ್ತದೆ. ಇಷ್ಟಾಗಿಯೂ ಕಡಿತವಾದರೆ ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಕಚ್ಚಿದ ಅಂಗವನ್ನು ಅಲುಗಾಡಿಸದೆ 108ಕ್ಕೆ ಕರೆಮಾಡಿ ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯುವುದೊಂದೇ ದಾರಿ.

ಕರಾವಳಿಯ ಹಳೆಯ ಮನೆಗಳಲ್ಲಿ ಈ ಸಮಸ್ಯೆಗೆ ಇನ್ನೊಂದು ಬಗೆಯ ಏರ್ಪಾಡಿತ್ತು. ಹಿತ್ತಿಲ ಮೂಲೆಯಲ್ಲಿ ಒಂದಷ್ಟು ನೆಲವನ್ನು ನಾಗಬನವೆಂದು ಬಿಟ್ಟುಬಿಡುತ್ತಿದ್ದರು. ಅಲ್ಲಿ ಕತ್ತಿ ಆಡಿಸುವಂತಿಲ್ಲ, ಒಣ ಕಡ್ಡಿಯನ್ನೂ ಒಲೆಗೆ ತರುವಂತಿಲ್ಲ. ಮರ, ಬಳ್ಳಿ, ಹುತ್ತ, ಬಿದ್ದ ಎಲೆಯ ದಪ್ಪ ಹಾಸು, ನಡುವೆ ಒಂದೆರಡು ನಾಗರಕಲ್ಲು. ವರ್ಷಕ್ಕೊಮ್ಮೆ ತನು ಎರೆದು ಬಂದರೆ ಮತ್ತೆ ಆ ಕಡೆ ಸುಳಿವಿಲ್ಲ. ಭಕ್ತಿಯ ಲೆಕ್ಕ ಏನೇ ಇರಲಿ, ಹಾವಿಗೆ ಬೇಕಾದ್ದೆಲ್ಲ ಮನೆಯಿಂದ ನೂರು ಹೆಜ್ಜೆ ದೂರದಲ್ಲಿ ಸಿಗುತ್ತಿತ್ತು, ಅದು ಅಡುಗೆಮನೆಗೆ ಬರುವ ಅಗತ್ಯ ಅಷ್ಟರಮಟ್ಟಿಗೆ ಕಡಿಮೆಯಾಗಿತ್ತು. ಕೆಲವು ದಶಕಗಳಿಂದ ಇಂಥ ಬನಗಳಲ್ಲಿ ಹಲವು ಜೀರ್ಣೋದ್ಧಾರಗೊಂಡಿವೆ. ಮರ ಕಡಿದು, ನೆಲಕ್ಕೆ ಸಿಮೆಂಟು ಹಾಕಿ, ನಾಗನಿಗೆ ನುಣುಪಾದ ಶಿಲೆಯ ಕಟ್ಟೆ, ಸುತ್ತ ಕಬ್ಬಿಣದ ಬೇಲಿ, ಮೇಲೆ ತಗಡಿನ ಮಾಡು. ಕಲ್ಲಿನ ನಾಗ ಅಲ್ಲಿ ಬೆಚ್ಚಗೆ ಕೂತಿದ್ದಾನೆ. ಜೀವದ ನಾಗ ಹುತ್ತ ಕಳೆದುಕೊಂಡು, ಮೊದಲ ಮಳೆಗೆ, ಬಚ್ಚಲುಮನೆಯ ಸೌದೆಯ ಸಂದಿಗೆ ಬಂದಿದೆ.